ಕಡ್ಡಿ ಸಾಹೇಬರ ಬಿಡುಗಡೆ

ಹೆಸರು ಬೇಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಊರುಗಳ ನಮ್ಮ ಕಚೇರಿಗಳಲ್ಲಿ ಆ ಕಾಲಕ್ಕೆ ದುಡಿದವರಿಗೆ 'ಕಡ್ಡಿ ಸಾಹೇಬ್ರು' ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ಹೇಳಿಯೂ ಪ್ರಯೋಜನವಿಲ್ಲ. ಆತ ಸಾಹೇಬನೇನೂ ಅಲ್ಲ, ದ್ವಿತೀಯ ದರ್ಜೆ ಗುಮಾಸ್ತ. ನಾನು ಕೊಪ್ಪದ ಕಚೇರಿಯ ಮ್ಯಾನೇಜರ್. ಯಾವ ಇಲಾಖೆ ಎಂದು ಕೇಳಬೇಡಿ, ಪಟ್ಟಿ ಮಾಡುವ ಇಲಾಖೆ ಎಂದುಕೊಳ್ಳಿ. ವಿಧವೆಯರ ಪಟ್ಟಿ, ವೃದ್ಧರ ಪಟ್ಟಿ, ಕೈಕಾಲಿಲ್ಲದವರ ಪಟ್ಟಿ. ನಮ್ಮ ಪಟ್ಟಿ ಜಿಲ್ಲಾ ಕಚೇರಿಗೆ ಸೇರಿದರೆ ಅವರಿಗೆ ಪಿಂಚಣಿ, ಸೇರದಿದ್ದರೆ ಆ ತಿಂಗಳು ಉಪವಾಸ.

ಕಡ್ಡಿ ಎಂದರೆ ವೈರ್‌ಲೆಸ್ ಅಡಾಪ್ಟರ್. ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಚುಚ್ಚುವ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಸಾಮಾನು. ಅದು ನಮ್ಮ ಪಾಲಿಗೆ ಬಂದದ್ದು ಸಿಡಿಲಿನ ದೆಸೆಯಿಂದ. ಇಂಟರ್ನೆಟ್ಟಿನ ಫೋನ್ ಲೈನು ಅಧಿಕಾರಿಗಳ ಕೋಣೆಗೆ ಬಂದಿತ್ತು, ಕಂಪ್ಯೂಟರುಗಳಿದ್ದದ್ದು ಅಂಗಳದಾಚೆಯ ಕಟ್ಟಡದಲ್ಲಿ. ನಡುವೆ ಒಂದು ಕೇಬಲ್ ಎಳೆದಿದ್ದರು. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಎಂದು ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆದವರಿಗೆ ಏನು ಗೊತ್ತು! ಮೊದಲ ವರ್ಷದ ಮೊದಲ ಸಿಡಿಲಿಗೇ ಎರಡು ಕಂಪ್ಯೂಟರು ಸುಟ್ಟವು. ಆಗ ಯಾರೋ ಬುದ್ಧಿವಂತರು, ತಂತಿ ಬೇಡ, ಗಾಳಿಯಲ್ಲೇ ಬರಲಿ ಎಂದು ಒಂದು ಡಬ್ಬ ತುಂಬ ಕಡ್ಡಿ ಕಳಿಸಿದರು. ಅವುಗಳ ಜೊತೆ ಬಂದ ಸಿ.ಡಿ. ವಿಂಡೋಸಿನದು. ನಮ್ಮ ಕಂಪ್ಯೂಟರುಗಳನ್ನು ನಡೆಸುತ್ತಿದ್ದದ್ದು ವಿಂಡೋಸಲ್ಲ, ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ. ಕೊಟ್ಟವರಿಗೆ ಅದು ಹೊಳೆದಿರಲಿಲ್ಲ, ಇಸಿದುಕೊಂಡ ನಮಗೆ ಲಿನಕ್ಸ್ ಯಾವುದು ವಿಂಡೋಸ್ ಯಾವುದು ಎಂಬುದೇ ಗೊತ್ತಿರಲಿಲ್ಲ. ಚುಚ್ಚಿದೆವು, ಏನೂ ಆಗಲಿಲ್ಲ, ಡ್ರಾಯರಿನಲ್ಲಿ ಹಾಕಿ ಮುಚ್ಚಿದೆವು.

ಮುಚ್ಚಿದ ಮೇಲೆ ಪಟ್ಟಿ ಹೋಗುವುದು ಹೇಗೆ? ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಬೇಕು. ಹೋಗುವವನು ನಾನು, ಬೇರೆ ಯಾರನ್ನೂ ನಂಬುವ ಹಾಗಿರಲಿಲ್ಲ. ನನಗೋ ಘಟ್ಟದ ತಿರುವು ಎಂದರೆ ವಾಂತಿ. ಹುಟ್ಟಿದ್ದು ಕಿಗ್ಗದಲ್ಲಿ, ಬೆಳೆದದ್ದು ತಿರುವು ರಸ್ತೆಯಲ್ಲೇ, ಆದರೂ ಬಸ್ಸು ಹತ್ತಿದರೆ ಕೈಯಲ್ಲಿ ನಿಂಬೆಹಣ್ಣು ಇರಲೇಬೇಕು. ಈ ವಾಂತಿಯ ವಿಷಯ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ಪಾಪಕ್ಕೆ ಮೂಲ ಇದೇ.

ಆತ ಬಾಗಲಕೋಟೆ ಕಡೆಯವನು. ಮೊದಲ ನೇಮಕಾತಿಯೇ ಕೊಪ್ಪಕ್ಕೆ. ಬಂದಾಗ ಮದುವೆಯಾಗಿ ಆರು ತಿಂಗಳು. ಹೆಂಡತಿಗೆ ಅವನ ಊರಿನ ಸರ್ಕಾರಿ ಶಾಲೆಯಲ್ಲೇ ಮಾಸ್ತರಿಕೆ, ಅವಳು ಅಲ್ಲೇ ಉಳಿದಳು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದ. ಮನೆಯಿಂದ ಡಬ್ಬಿ ತುಂಬ ಕಟಕ್ ರೊಟ್ಟಿ ತಂದಿದ್ದ. ಅವನ ಊರಿನಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಇರುವ ರೊಟ್ಟಿ ನಮ್ಮ ಥಂಡಿಗೆ ಎರಡೇ ದಿನದಲ್ಲಿ ಮೆತ್ತಗೆ ಚರ್ಮದ ಹಾಗಾಯಿತು. ಮಧ್ಯಾಹ್ನ ಅದನ್ನು ಎಳೆದೆಳೆದು ಹರಿದು ತಿನ್ನುತ್ತ, "ನಿಮ್ಮೂರಾಗ ರೊಟ್ಟಿಗೂ ಧೈರ್ಯ ಇಲ್ರಿ ಸರ" ಎಂದ. ಅಟೆಂಡರ್ ಗಿರಿಜಕ್ಕ, ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯವಳು, ಬಿದ್ದು ಬಿದ್ದು ನಕ್ಕಳು. ಮರುದಿನದಿಂದ ಅವಳು ಆ ರೊಟ್ಟಿಯನ್ನು ಟೀ ಕಾಸುವ ಸ್ಟೌವಿನ ಮೇಲೆ ಹಿಡಿದು ಬಿಸಿ ಮಾಡಿ ಕೊಡತೊಡಗಿದಳು.

ಬಂದ ಮೂರನೆಯ ವಾರ ಡ್ರಾಯರಿನಲ್ಲಿ ಪೆನ್ನು ಹುಡುಕುತ್ತ ಕಡ್ಡಿಯನ್ನು ಕಂಡ.

"ಇದ್ಯಾಕ್ರಿ ಸರ ಸುಮ್ನ ಬಿದ್ದೈತಿ?"

"ಅದು ನಡೆಯೋದಿಲ್ಲ ಮಾರಾಯ, ಇಟ್ಟು ಬಿಡು."

"ನಡಿಯಂಗಿಲ್ಲ ಅಂದ್ರ, ಯಾಕ್ ನಡಿಯಂಗಿಲ್ಲ ಅಂತ ಯಾರರ ಕೇಳ್ಯಾರೇನ್ರಿ?"

ಯಾರೂ ಕೇಳಿರಲಿಲ್ಲ. ಆತ ಕೂತು ಕೇಳಿದ. ಕಪ್ಪು ಪರದೆ ತೆರೆದು ಏನೋ ಬರೆದ, ಸಾಲು ಸಾಲಾಗಿ ಇಂಗ್ಲಿಷ್ ಬಂತು, ಅದರಲ್ಲೊಂದು ನಂಬರಿಗೆ ಬೆರಳಿಟ್ಟು ಚೀಟಿಯಲ್ಲಿ ಬರೆದುಕೊಂಡ. ಇನ್ನೊಂದು ಕಡ್ಡಿ ಚುಚ್ಚಿದ, ಅದರ ನಂಬರೂ ಬರೆದುಕೊಂಡ. ಒಂದೇ ಡಬ್ಬದ, ಒಂದೇ ಬಣ್ಣದ, ಒಂದೇ ಹೆಸರಿನ ಕಡ್ಡಿಗಳು. ನಂಬರು ಮಾತ್ರ ಬೇರೆ ಬೇರೆ. "ಪೆಟಗಿ ಮ್ಯಾಲಿಂದು ನಂಬಬ್ಯಾಡ್ರಿ ಸರ. ಒಳಗಿನ ಚಿಪ್ ಯಾವುದು ಅಂತ ಕೇಳ್ರಿ" ಎಂದ. ಆಮೇಲೆ ಈ ಮಾತನ್ನು ಆತ ಕಡ್ಡಿಗೂ ಹೇಳಿದ, ಹೊಸ ಅಧಿಕಾರಿಗಳ ಬಗ್ಗೆಯೂ ಹೇಳಿದ, ನಮ್ಮ ಹೋಟೆಲಿನ ಮಸಾಲೆದೋಸೆಗೂ ಹೇಳಿದ.

ಚಿಪ್ ಗೊತ್ತಾದರೆ ಆಯಿತೇ? ಅದನ್ನು ಕಂಪ್ಯೂಟರಿಗೆ ಪರಿಚಯ ಮಾಡಿಕೊಡುವ, ಡ್ರೈವರ್ ಎಂಬ ಪ್ರೋಗ್ರಾಂ ಬೇಕು. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ಟಿಗೆ ಹೋಗಬೇಕಾದರೆ ಕಡ್ಡಿ ನಡೆಯಬೇಕು, ಕಡ್ಡಿ ನಡೆಯಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅಧಿಕಾರಿಗಳ ಕೋಣೆಯಲ್ಲಿ ಅವರದೇ ಒಂದು ಕಂಪ್ಯೂಟರಿತ್ತು, ಆದರೆ ಪಟ್ಟಿ ಕಳಿಸಲಿಕ್ಕೂ ಅದನ್ನು ಮುಟ್ಟಲು ನನ್ನನ್ನೂ ಸೇರಿ ಯಾರಿಗೂ ಅಪ್ಪಣೆಯಿರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗದ ಸೈಬರ್ ಸೆಂಟರಿಗೆ ಹೋಗಿ ಸಿ.ಡಿ.ಗೆ ಇಳಿಸಿಕೊಂಡು ಬಂದ. ಹೊಂದಲಿಲ್ಲ. ಇನ್ನೊಂದು ಭಾನುವಾರ ಹೋದ. ಅದಕ್ಕೆ ಬೇಕಾದ ಇನ್ಯಾವುದೋ ಇಲ್ಲ ಎಂದಿತು. ನಾಲ್ಕು ಭಾನುವಾರ ಹೀಗೆ. ಕೊನೆಗೆ, ವಿಂಡೋಸಿಗೆಂದು ಮಾಡಿದ ಡ್ರೈವರನ್ನೇ ಲಿನಕ್ಸಿನೊಳಗೆ ಕೂರಿಸುವ ಒಂದು ಉಪಾಯವಿದೆಯಂತೆ, ಅದನ್ನು ಮಾಡಿದ. "ಅಳಿಯಾನ್ನ ತಂದು ಮನ್ಯಾಗ ಇಟ್ಕೊಂಡಂಗ ರಿ. ಸ್ವಲ್ಪ ಮರ್ಯಾದಿ ಕೊಟ್ಟು ನಡಸ್ಕೋಬೇಕು" ಎಂದ.

ಸೋಮವಾರ ಮಧ್ಯಾಹ್ನ ಕಡ್ಡಿಯ ತುದಿಯ ಹಸಿರು ದೀಪ ಮಿನುಗಿತು. ಕಿಟಕಿಯ ಬೆಳಕಿಗೆ ಸರಿಯಾಗಿ ಕಾಣದೆ ಆತ ಎರಡೂ ಅಂಗೈ ಅಡ್ಡ ಹಿಡಿದು ಬಗ್ಗಿ ನೋಡಿದ. ಆಗ ಅವನ ಮುಖದಲ್ಲಿ ಕಂಡ ಸಂತೋಷವನ್ನು, ಹೆತ್ತ ಮಗುವನ್ನು ಮೊದಲ ಸಲ ನೋಡುವವರ ಮುಖದಲ್ಲಿ ಮಾತ್ರ ನಾನು ಕಂಡಿದ್ದೇನೆ. ಮುಂದೆಯೂ ಯಾವ ಊರಿನ ಕಡ್ಡಿ ನಡೆಸಿದರೂ ಆತ ಹಾಗೆಯೇ ಅಂಗೈ ಅಡ್ಡ ಹಿಡಿದು ನೋಡುತ್ತಿದ್ದ. ಅಂದು ಸಂಜೆ ನಮ್ಮ ಪಟ್ಟಿ ಕೊಪ್ಪದಿಂದ ಚಿಕ್ಕಮಗಳೂರಿಗೆ ಎರಡು ನಿಮಿಷದಲ್ಲಿ ಹೋಯಿತು. ನಾನು ನಿಂಬೆಹಣ್ಣನ್ನು ಗಿರಿಜಕ್ಕನಿಗೆ ಕೊಟ್ಟು ಶರಬತ್ತು ಮಾಡು ಎಂದೆ.

ಸುದ್ದಿ ಜಿಲ್ಲೆಗೆ ಮುಟ್ಟಿತು. ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಕಡ್ಡಿಗಳು ಡ್ರಾಯರಿನಲ್ಲೇ ಇದ್ದವು. ವಾರದಲ್ಲಿ ಎರಡು ದಿನ ಶೃಂಗೇರಿ, ಎರಡು ದಿನ ಎನ್.ಆರ್.ಪುರ, ಉಳಿದದ್ದು ಕೊಪ್ಪ ಎಂದು ಆದೇಶವಾಯಿತು. ಮೊದಮೊದಲು ಹುರುಪಿನಿಂದ ಓಡಾಡಿದ. ಎನ್.ಆರ್.ಪುರದಲ್ಲಿ ಕಡ್ಡಿಗೂ ಮೋಡೆಮ್ಮಿಗೂ ನಡುವೆ ಕಡತ ತುಂಬಿದ ಕಬ್ಬಿಣದ ಬೀರು ನಿಂತಿತ್ತು, ಸಿಗ್ನಲ್ ದಾಟುತ್ತಿರಲಿಲ್ಲ. ಬೀರುವನ್ನು ಎರಡಡಿ ಸರಿಸಿ ಎಂದ. ಅದರ ಬೀಗದ ಕೈ ಇದ್ದ ಗುಮಾಸ್ತರು, ಲಿಖಿತ ಅಪ್ಪಣೆಯಿಲ್ಲದೆ ಬೀರು ಅಲುಗಬಾರದು ಎಂದರು. ಟಿಪ್ಪಣಿ ಮೇಲೆ ಹೋಗಿ ಕೆಳಗೆ ಬರಲು ಹದಿನೆಂಟು ದಿನ. ಅಷ್ಟು ದಿನವೂ ಆತ ಉದ್ದದ ಯುಎಸ್‌ಬಿ ಕೇಬಲ್ಲಿನ ತುದಿಗೆ ಕಡ್ಡಿ ಸಿಕ್ಕಿಸಿ, ಅದನ್ನು ಕಿಟಕಿಯ ಹೊರಗೆ ಕೋಲಿಗೆ ಕಟ್ಟಿ ಪಟ್ಟಿ ಕಳಿಸಿದ. ಹೊರಗೆ ಸಾಲಿನಲ್ಲಿ ನಿಂತ ಮುದುಕಿಯೊಬ್ಬಳು, "ಎಂತ ಮಗಾ, ಮೀನು ಹಿಡಿತೀಯಾ?" ಎಂದಳಂತೆ.

ಶೃಂಗೇರಿಯದು ಇನ್ನೂ ಚಂದ. ಆಯುಧಪೂಜೆಯ ದಿನ ಅಲ್ಲಿಯವರು ಕಂಪ್ಯೂಟರು ತೊಳೆಯಲಾಗದು ಎಂಬ ವಿವೇಕ ತೋರಿದರು, ಆದರೆ ಕಡ್ಡಿ ಹೇಗೂ ಬಿಡಿಸಿ ತೆಗೆಯಬಹುದಾದ್ದರಿಂದ ಅದನ್ನು ತೆಗೆದು ತಟ್ಟೆಯಲ್ಲಿಟ್ಟು ಗಂಧ ತೇಯ್ದು ಹಚ್ಚಿ, ಕುಂಕುಮವಿಟ್ಟು, ಮಂಗಳಾರತಿ ಮಾಡಿ, ಹಾಗೆಯೇ ವಾಪಸು ಚುಚ್ಚಿದರು. ಗಂಧ ಒಣಗಿ ಒಳಗೆ ಗಟ್ಟಿಯಾಯಿತು. ಆತ ಹೋಗಿ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಒಂದು ಗಂಟೆ ಉಜ್ಜಿದ. ಬೈದನೇ? ಇಲ್ಲ. "ದೇವ್ರ ಪ್ರಸಾದ ಸ್ವಲ್ಪ ಜಾಸ್ತಿ ಆಗಿತ್ತ್ರಿ" ಎಂದಷ್ಟೇ ನನಗೆ ಹೇಳಿದ.

ಮೂರೂ ಕಚೇರಿಯ ಕಂಪ್ಯೂಟರುಗಳ ನೆತ್ತಿಯ ಮೇಲೆ ಆತ ದಪ್ಪ ಅಕ್ಷರದ ಚೀಟಿ ಅಂಟಿಸಿದ್ದ: 'ಅಪ್‌ಡೇಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ.' ಅಪ್‌ಡೇಟ್ ಆದರೆ ಲಿನಕ್ಸಿನ ಬುಡವೇ ಬದಲಾಗುತ್ತದೆ, ಹಳೆಯ ಬುಡಕ್ಕೆ ಕಟ್ಟಿದ ಡ್ರೈವರ್ ಸತ್ತು ಹೋಗುತ್ತದೆ, ಮತ್ತೆ ಮೊದಲಿನಿಂದ ಕಟ್ಟಬೇಕು. ಎಷ್ಟು ಹೇಳಿದರೂ ಯಾರೋ ಒಬ್ಬರು ಒತ್ತಿಯೇ ಒತ್ತುತ್ತಿದ್ದರು. ಕೊಪ್ಪದಲ್ಲಿ ಕೂತವನಿಗೆ ಶೃಂಗೇರಿಯಿಂದ ಫೋನು, ಶೃಂಗೇರಿ ಮುಟ್ಟುವಾಗ ಎನ್.ಆರ್.ಪುರದಿಂದ ಫೋನು. ಬಿಳಿ ಹಾಳೆಯ ಮೇಲೆ ವಿಧಾನವನ್ನೆಲ್ಲ ಬರೆದುಕೊಟ್ಟು ಕಲಿಸಲು ನೋಡಿದ. ನಮ್ಮವರು, "ಅದೆಲ್ಲ ನಮ್ಗೆ ತಿಳಿಯೂದಿಲ್ಲ ಮಾರಾಯ್ರೆ, ನೀವು ಇದ್ದೀರಲ್ಲ" ಎಂದು ಹಾಳೆಯನ್ನು ಮಡಿಸಿ ಮೇಜಿನ ಗಾಜಿನ ಕೆಳಗೆ ಇಟ್ಟರು. ನಾನೂ ಅವರಲ್ಲೊಬ್ಬ. ಕಲಿತವನ ತಲೆಗೇ ಕೆಲಸ ಕಟ್ಟುತ್ತಾರೆ ಎಂದು ನನಗೆ ಮೂವತ್ತು ವರ್ಷದ ಸರ್ವಿಸು ಕಲಿಸಿತ್ತು. ಪಾಪ, ಅವನಿಗೆ ಗೊತ್ತಿರಲಿಲ್ಲ.

ಎರಡನೆಯ ವರ್ಷ ಹೆಣ್ಣು ಮಗು ಹುಟ್ಟಿತು. ಆ ಜೂನ್‌ನಲ್ಲಿ, ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರೆಂಬ ಕಾರಣದ ಮೇಲೆ ಅವನ ಊರಿನ ಹತ್ತಿರಕ್ಕೇ ವರ್ಗಾವಣೆ ಆದೇಶ ಬಂತು. ಪೇಡೆ ಹಂಚಿದ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ವರ್ಗಾವಣೆಯಾದರೆ ಹೊರಟ ಹಾಗಲ್ಲ. ಇದ್ದ ಕಚೇರಿ 'ಬಿಡುಗಡೆ' ಮಾಡಬೇಕು. ಅದೊಂದು ಕಾಗದ. ಅದಿಲ್ಲದೆ ಹೋದರೆ ಹೊಸ ಕಚೇರಿ ಒಳಗೆ ಸೇರಿಸುವುದಿಲ್ಲ. ತಿಂಗಳ ಕೊನೆಯೊಳಗೆ ಬಿಡುಗಡೆಯಾಗದಿದ್ದರೆ ವರ್ಗಾವಣೆಯೇ ರದ್ದು.

ಆಗಿನ ಅಧಿಕಾರಿಗಳು ನನ್ನನ್ನು ಕರೆದು, "ಇವನನ್ನು ಬಿಟ್ಟರೆ ಹೇಗ್ರೀ?" ಎಂದರು. ನನ್ನ ಕಣ್ಣ ಮುಂದೆ ಘಟ್ಟದ ತಿರುವುಗಳು ಬಂದವು. ಹೋಗಿ ಟಿಪ್ಪಣಿ ಬರೆದೆ: 'ಸದರಿ ನೌಕರರು ತಾಂತ್ರಿಕ ಪರಿಣತಿ ಹೊಂದಿದ ಏಕೈಕ ವ್ಯಕ್ತಿಯಾಗಿದ್ದು, ಇವರ ಬಿಡುಗಡೆಯಿಂದ ಮೂರು ತಾಲ್ಲೂಕುಗಳ ಕೆಲಸ ಸ್ಥಗಿತಗೊಳ್ಳುವುದು.' ಒಂದಕ್ಷರ ಸುಳ್ಳಿರಲಿಲ್ಲ. ಬಿಡುಗಡೆ ಆಗಲಿಲ್ಲ. ಅವನ ಬೆನ್ನು ತಟ್ಟಿ, "ನಿನ್ನ ಬಿಟ್ರೆ ಯಾರಿದಾರೆ ಮಾರಾಯ" ಎಂದೆ. ಹೊಗಳಿಕೆಯೆಂದು ತಿಳಿದು ನಕ್ಕ. ಮರುವರ್ಷ ಮತ್ತೆ ಆದೇಶ ಬಂತು. ಮತ್ತೆ ಅದೇ ಟಿಪ್ಪಣಿ, ತಾರೀಖು ಮಾತ್ರ ಬೇರೆ. ಈ ಸಲ ಬೆನ್ನು ತಟ್ಟಲು ಹೋದಾಗ ನಗಲಿಲ್ಲ.

"ಕೆಲಸ ಬರ್ತೈತಿ ಅನ್ನೋದ ತಪ್ಪಾತೇನ್ರಿ ಸರ?" ಎಂದ.

ನಾನು ಕಡತದೊಳಗೆ ತಲೆ ಹಾಕಿದೆ.

ಆಮೇಲೆ ಆತ ಸೊರಗಿದ. ಕೆಲಸ ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಮೂರು ಊರಿನ ನಡುವೆ ಗಾಣದೆತ್ತು ಸುತ್ತಿದ ಹಾಗೆ ಸುತ್ತಿದ. ಎರಡನೇ ಶನಿವಾರ ಸಿಕ್ಕರೆ ಊರಿಗೆ ಹೋಗುತ್ತಿದ್ದ. ಹೋಗಲೊಂದು ದಿನ, ಬರಲೊಂದು ದಿನ, ನಡುವೆ ಮನೆಯಲ್ಲಿ ಅರ್ಧ ದಿನ. ಒಂದು ಸೋಮವಾರ ಹಾಗೆ ಹೋಗಿ ಬಂದವನು ನನ್ನ ಮೇಜಿನ ಎದುರು ಕೂತು ತಾನಾಗಿಯೇ ಹೇಳಿದ.

"ನಿನ್ನೆ ಮಗಳು ನನ್ನ ನೋಡಿ ಅವ್ವನ ಹಿಂದ ಅಡಗಿ ಕೂತ್ಲ್ರಿ. ಆಮ್ಯಾಗ ಅವ್ವಗ ಕೇಳ್ತಾಳ, ಈ ಮಾಮಾ ಯಾವಾಗ ಹೋಗ್ತಾನ ಅಂತ."

ಹೇಳಿ ನಕ್ಕ. ನಕ್ಕನಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಮಗುವಿಗೆ ಎರಡು ದಾಟಿತ್ತು. ಅದರ ಎರಡು ವರ್ಷ ನನ್ನ ಎರಡು ಟಿಪ್ಪಣಿಗಳಲ್ಲಿ ಹೋಗಿತ್ತು. ಅಂದು ಮನೆಗೆ ಹೋಗಿ ಊಟ ಬಿಟ್ಟೆ. ಹೆಂಡತಿ ಎಂತ ಆಯ್ತು ಎಂದರೆ ಹೊಟ್ಟೆ ಸರಿಯಿಲ್ಲ ಎಂದೆ.

ಮರುದಿನ ಅವನನ್ನು ಹೊರಗೆ ಕರೆದು ಹೇಳಿದೆ: "ನೋಡು, ಬರೋದಿಲ್ಲ ಅನ್ನು. ಮುಂದಿನ ಸಲ ಕಡ್ಡಿ ಕೆಟ್ಟಾಗ ಆಗೋದಿಲ್ಲ ಅಂತ ಕೈಕಟ್ಟಿ ಕೂರು. ಅವರೇ ಬಿಡ್ತಾರೆ."

ಪ್ರಯತ್ನ ಮಾಡಿದ. ಶೃಂಗೇರಿಯಲ್ಲಿ ಯಾರೋ ಅಪ್‌ಡೇಟ್ ಒತ್ತಿದ್ದರು. ಹೋಗಿ, "ಆಗಂಗಿಲ್ರಿ" ಎಂದು ಎಲ್ಲರೆದುರು ಹೇಳಿ ಕುರ್ಚಿ ಹಿಂದಕ್ಕೆ ಎಳೆದು ಕೂತನಂತೆ. ಕಾಲು ಗಂಟೆ ಕೂತ. ಹೊರಗೆ ಜಗಲಿಯಲ್ಲಿ ಹೆಸರು ಸೇರಿಸಲು ಬಂದ ಅಡ್ಡಗದ್ದೆಯ ಹೆಂಗಸೊಬ್ಬಳು ಗಂಡನ ಮರಣಪತ್ರ ಕೈಯಲ್ಲಿ ಹಿಡಿದು ನಿಂತಿದ್ದಳಂತೆ. ಅರ್ಧ ಗಂಟೆಯಲ್ಲಿ ಕಡ್ಡಿ ನಡೆಯಿತು, ಅವಳ ಹೆಸರು ಪಟ್ಟಿ ಸೇರಿ ಜಿಲ್ಲೆಗೆ ಹೋಯಿತು. ಸಂಜೆ ಬಂದು ನನ್ನೆದುರು ತಪ್ಪು ಮಾಡಿದವನ ಹಾಗೆ ನಿಂತ. "ಕೈ ಕೇಳಂಗಿಲ್ರಿ ಸರ" ಎಂದ. ಅಯ್ಯೋ ಪುಣ್ಯಾತ್ಮ! ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಮೂರನೆಯ ಸಲ ಜೂನ್ ಬಂತು, ಆದೇಶ ಬಂತು. ಅಷ್ಟರಲ್ಲಿ ಅಧಿಕಾರಿಗಳು ಬದಲಾಗಿದ್ದರು. ಹೊಸಬರು ಬಂದು ಎರಡು ತಿಂಗಳು, ಬಹಳ ಅವಸರದ ಮನುಷ್ಯ. ಮೇ ತಿಂಗಳ ಸಿಡಿಲೊಂದು ಮೋಡೆಮ್ಮಿನ ಜೊತೆಗೆ ನಮ್ಮ ಹಳೆಯ ಕಡ್ಡಿಗಳನ್ನೂ ಸುಟ್ಟಿತ್ತು. ಹೊಸ ಡಬ್ಬ ಬಂದಿತ್ತು. ಅದರೊಳಗೆ ಹೊಸ ಚಿಪ್. ಹಳೆಯ ಉಪಾಯ ಯಾವುದೂ ಅದಕ್ಕೆ ನಾಟಲಿಲ್ಲ. ಆತ ಕೂತ. ಒಂದು ದಿನ, ಎರಡು ದಿನ, ಮೂರು ದಿನ. ಚೀಟಿಗಳ ಮೇಲೆ ಚೀಟಿ. ತಿಂಗಳ ಪಟ್ಟಿ ನಿಂತಿತು. ಅಧಿಕಾರಿಗಳು ದಿನಕ್ಕೆ ನಾಲ್ಕು ಸಲ ಬೆಲ್ ಹೊಡೆದರು.

"ಏನ್ರೀ ಮ್ಯಾನೇಜರ್ರೇ, ನಿಮ್ಮ ಎಕ್ಸ್‌ಪರ್ಟು ಏನಂತಾನೆ?"

ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಹೊಳೆಯಿತು. ಇಂತಹ ದಿನ ಮತ್ತೆ ಬರುವುದಿಲ್ಲ. ಈತ ಇವತ್ತಲ್ಲ ನಾಳೆ ಇದನ್ನು ನಡೆಸಿಯೇ ನಡೆಸುತ್ತಾನೆ. ನಡೆಸಿದ ಗಳಿಗೆಯಿಂದ ಮತ್ತೊಂದು ವರ್ಷ ಇಲ್ಲೇ. ತಿಂಗಳ ಕೊನೆಗೆ ಎರಡೇ ದಿನ ಉಳಿದಿತ್ತು. ಬಾಗಿಲು ಹಾಕಿಕೊಂಡು ಟಿಪ್ಪಣಿ ಬರೆದೆ: 'ಸದರಿ ನೌಕರರಿಗೆ ಗಣಕಯಂತ್ರದ ತಾಂತ್ರಿಕ ಪರಿಣತಿ ಇರುವುದಿಲ್ಲ. ಇವರ ಅಸಮರ್ಥತೆಯಿಂದ ಕಚೇರಿಯ ಕೆಲಸ ಕುಂಠಿತವಾಗಿರುತ್ತದೆ. ಇವರನ್ನು ವರ್ಗಾವಣೆಯ ಸ್ಥಳಕ್ಕೆ ಬಿಡುಗಡೆಗೊಳಿಸಿ, ಪರಿಣತರೊಬ್ಬರನ್ನು ಒದಗಿಸಲು ಜಿಲ್ಲಾ ಕಚೇರಿಯನ್ನು ಕೋರಬಹುದು.' ಹಳೆಯ ಎರಡು ಟಿಪ್ಪಣಿಗಳಿದ್ದ ಕಡತವನ್ನು ಬೀರುವಿನ ತಳಕ್ಕೆ ಹಾಕಿದೆ. ಅಧಿಕಾರಿಗಳು ಓದಿದರು, "ಮೊದಲೇ ಹೇಳಬಾರದಾ?" ಎಂದು ಸಹಿ ಜಡಿದರು.

ಅವನಿಗೆ ಮೊದಲೇ ತಿಳಿಸಲಿಲ್ಲ. ಯಾಕೆ ಎಂದರೆ, ಅವನ ಮುಖದಲ್ಲಿ ಯಾವುದೂ ಬಚ್ಚಿಡಲು ಆಗುತ್ತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಆದೇಶ ಟೈಪಾಯಿತು. ಮೂರೂವರೆಗೆ ಶಿವಮೊಗ್ಗದ ಬಸ್ಸಿತ್ತು. ಕಾಗದವನ್ನು ಕೈಗೆ ಕೊಟ್ಟು, "ಬಿಡುಗಡೆ ಆಯ್ತು ಮಾರಾಯ. ಈಗಲೇ ಹೊರಡು, ಸಾಮಾನು ಆಮೇಲೆ ಕಳಿಸ್ತೇನೆ" ಎಂದೆ. ಮೊದಲ ಸಾಲು ಓದಿ ಅವನ ಮುಖ ಅರಳಿತು. ನಾನು ಟಿಪ್ಪಣಿಯಲ್ಲಿ ಬರೆದ ಮಾತುಗಳನ್ನೇ ಟೈಪಿಸ್ಟ್ ಆದೇಶದ ಎರಡನೆಯ ಪ್ಯಾರಾದಲ್ಲಿ ಇಳಿಸಿದ್ದ. ಪ್ರತಿ, ನೌಕರರ ವೈಯಕ್ತಿಕ ಕಡತಕ್ಕೆ ಎಂದೂ ಕೆಳಗೆ ಹಾಕಿದ್ದ. ಎರಡನೆಯ ಪ್ಯಾರಾಕ್ಕೆ ಬಂದವನು ಆ ಸಾಲಿಗೆ ಬೆರಳಿಟ್ಟ.

"ನನಗ ಬರಂಗಿಲ್ಲ ಅಂತ ಬರದೀರೇನ್ರಿ?"

"ಬಸ್ಸಿಗೆ ಹೊತ್ತಾಯ್ತು."

"ನೀವ ಬರದೀರಿ. ಇದು ನಿಮ್ಮ ಮಾತು."

"ಹೌದು, ನಾನೇ. ಹೋಗು ಈಗ."

ಹೋಗಲಿಲ್ಲ. ಚೀಲವನ್ನು ನೆಲದ ಮೇಲಿಟ್ಟು ಕಂಪ್ಯೂಟರಿನ ಮುಂದೆ ಕೂತ. "ಇದನ್ನ ನಡಸಿ ತೋರ್ಸೇ ಹೋಗಾಂವ ನಾ" ಎಂದ. ನಾನು ರಟ್ಟೆ ಹಿಡಿದು ಎಳೆದೆ, ಕೈ ಕೊಡವಿದ. ಕೋಣೆಯಲ್ಲಿ ಇಬ್ಬರೇ. ಅಂಗಳದಾಚೆ ಅಧಿಕಾರಿಗಳು ಊಟ ಮುಗಿಸಿ ಬಂದು ಕೂತಿದ್ದರು. ಅವರು ಯಾವ ಕ್ಷಣದಲ್ಲಾದರೂ ಇತ್ತ ಬರಬಹುದು. ಕಡ್ಡಿ ನಡೆಯಿತು ಎಂದು ಕಂಡರೆ ಆ ಕಾಗದವನ್ನು ವಾಪಸು ಇಸಿದುಕೊಳ್ಳಲು ಅವರಿಗೆ ಒಂದು ನಿಮಿಷ ಬೇಕಾಗಿರಲಿಲ್ಲ. ಅವನ ಬೆರಳು ಓಡುತ್ತಿದ್ದವು. ನಾಲ್ಕು ದಿನ ಸಿಗದ ಎಳೆ ಸಿಟ್ಟಿನಲ್ಲಿ ಸಿಕ್ಕಿತೋ ಏನೋ, ಯಾವುದೋ ಫೈಲನ್ನು ಎಲ್ಲಿಂದಲೋ ಎಲ್ಲಿಗೋ ಹಾಕಿದ, ಕಡ್ಡಿಯನ್ನು ತೆಗೆದು ಮತ್ತೆ ಚುಚ್ಚಿದ.

ದೀಪ ಬಂತು. ಆತ ಎರಡೂ ಅಂಗೈಗಳನ್ನು ಅಡ್ಡ ಹಿಡಿಯಲು ಕೈ ಎತ್ತಿದ. ಅಷ್ಟರಲ್ಲಿ ಅಂಗಳದಲ್ಲಿ ಅಧಿಕಾರಿಗಳ ಚಪ್ಪಲಿಯ ಸದ್ದು ಕೇಳಿಸಿತು. ನಾನು ಬಗ್ಗಿ ಕಡ್ಡಿಯನ್ನು ಕಿತ್ತು ಮುಷ್ಟಿಯೊಳಗೆ ಹಿಡಿದುಕೊಂಡೆ.

ಅಧಿಕಾರಿಗಳು ಬಾಗಿಲಲ್ಲಿ ನಿಂತು, "ಇನ್ನೂ ಹೋಗಿಲ್ವೇನ್ರೀ ಇವರು?" ಎಂದರು.

"ಹೊರಟ್ರು ಸರ್" ಎಂದೆ. "ಸುಮ್ಮನೆ ಇನ್ನೊಮ್ಮೆ ನೋಡ್ತೀನಿ ಅಂದ್ರು. ಆಗಲಿಲ್ಲ."

ಅವರು ಲೊಚಗುಟ್ಟಿ ವಾಪಸಾದರು. ಆತ ನನ್ನ ಮುಷ್ಟಿಯನ್ನೇ ನೋಡುತ್ತಿದ್ದ.

"ಆಗಿತ್ತಲ್ರಿ ಸರ" ಎಂದ, ಸಣ್ಣ ದನಿಯಲ್ಲಿ. "ದೀಪ ಬಂದಿತ್ತಲ್ರಿ. ನೀವೂ ನೋಡಿದ್ರಿ."

"ನಾನು ನೋಡಲಿಲ್ಲ" ಎಂದೆ. "ನಿನ್ನಿಂದ ಆಗಲಿಲ್ಲ. ಬಸ್ಸು ತಪ್ಪುತ್ತೆ, ಏಳು."

ಎದ್ದ. ಚೀಲ ಹೆಗಲಿಗೆ ಹಾಕಿಕೊಂಡ. ಹೊಸಿಲು ದಾಟುವಾಗ ತಿರುಗಿ ನೋಡುತ್ತಾನೆ ಎಂದು ಕಾದೆ. ತಿರುಗಲಿಲ್ಲ. ನಾನು ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ದಾರಿಯನ್ನೇ ನೋಡುತ್ತ ನಿಂತೆ. ಬಸ್ಸು ಹೊರಟ ಸದ್ದು ಕೇಳಿದ ಮೇಲೆ ಕುರ್ಚಿಗೆ ಬಂದು ಕೂತೆ. ಮುಷ್ಟಿ ಬಿಚ್ಚಲು ನೆನಪೇ ಆಗಲಿಲ್ಲ.

ಕಡ್ಡಿ ಮತ್ತೆ ಚುಚ್ಚಿದರೆ ನನ್ನ ಟಿಪ್ಪಣಿಯ ಸುಳ್ಳು ಬಯಲಾಗುತ್ತಿತ್ತು, ಹಾಗಾಗಿ ಮರುದಿನ ಬೆಳಿಗ್ಗೆ ಪಟ್ಟಿಯನ್ನು ಪೆನ್‌ಡ್ರೈವಿಗೆ ತುಂಬಿ ಚಿಕ್ಕಮಗಳೂರಿಗೆ ನಾನೇ ಹೋದೆ. ಐದು ತಿಂಗಳು, ಜಿಲ್ಲಾ ಕಚೇರಿ ಬೇರೊಬ್ಬರನ್ನು ಕಳಿಸುವವರೆಗೆ, ಪ್ರತಿ ವಾರ ಹೋದೆ. ದಾರಿಯುದ್ದಕ್ಕೂ ವಾಂತಿ. ಬೇಕಾದ್ದೇ ಎಂದುಕೊಂಡೆ.

ಅವನ ಸುದ್ದಿ ಗಿರಿಜಕ್ಕನಿಂದ ಬರುತ್ತಿತ್ತು. ಅವಳಿಗೆ ಹಬ್ಬಕ್ಕೆ ಫೋನು ಮಾಡುತ್ತಿದ್ದ. ಊರಿನಲ್ಲೇ ಮನೆ, ಮಗಳು ಶಾಲೆಗೆ ಸೇರಿದಳು ಎಂದೆಲ್ಲ ಹೇಳಿದಳು. ಇನ್ನೊಂದನ್ನೂ ಹೇಳಿದಳು. ಹೊಸ ಕಚೇರಿಯಲ್ಲಿ ಅವನ ವೈಯಕ್ತಿಕ ಕಡತ ಓದಿದವರು ಅವನನ್ನು ಟಪಾಲು ವಿಭಾಗಕ್ಕೆ ಹಾಕಿದ್ದರಂತೆ. ಅಲ್ಲೂ ಕಂಪ್ಯೂಟರು ಬಂದವು, ಅವನಿಗೆ ಮುಟ್ಟಲು ಬಿಡಲಿಲ್ಲವಂತೆ. ಅಂಚೆಚೀಟಿ ಹಚ್ಚುತ್ತ, ರಿಜಿಸ್ಟರಿನಲ್ಲಿ ನಂಬರು ಬರೆಯುತ್ತ ಕೂತನಂತೆ. ಇದನ್ನು ನಾನು ಯೋಚಿಸಿರಲಿಲ್ಲ. ಮನೆ ಮುಟ್ಟಿಸಿದೆ ಎಂದುಕೊಂಡಿದ್ದೆ, ಹೌದು ಮುಟ್ಟಿಸಿದೆ, ಆದರೆ ಬಲಗೈ ಇಸಿದುಕೊಂಡು ಕಳಿಸಿದ್ದೆ. ಆತ ಹೊಸ ಮನೆ ಕಟ್ಟಿಸಿದಾಗ ಮೂರೂ ಕಚೇರಿಗೆ, ಆ ಬೀರುವಿನ ಗುಮಾಸ್ತರಿಗೂ ಸೇರಿ,  ಗೃಹಪ್ರವೇಶದ ಕರೆಯೋಲೆ ಬಂತು. ನನಗೆ ಬರಲಿಲ್ಲ.

ಅವನಿಗೆ ಎರಡು ಸಲ ಕಾಗದ ಬರೆದೆ, ಅಂಚೆಗೆ ಹಾಕಲಿಲ್ಲ. ಕಾರಣ ಘನವಾದದ್ದೇನಲ್ಲ, ಹೆದರಿಕೆ. ಸುಳ್ಳು ಟಿಪ್ಪಣಿ ಬರೆದೆ ಎಂದು ನನ್ನ ಕೈಬರಹದಲ್ಲೇ ಒಪ್ಪಿಕೊಂಡ ಹಾಗಾಗುತ್ತದೆ, ನಿವೃತ್ತಿಗೆ ಐದು ವರ್ಷವಿತ್ತು. ನಿವೃತ್ತನಾದ ಮೇಲೆ, ಇಷ್ಟು ವರ್ಷದ ಮೇಲೆ ಇನ್ನೇಕೆ ಎಂಬ ಸೋಮಾರಿತನ. ಅವನಾಗಿ ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನೇಕೆ ಕೇಳುತ್ತಾನೆ?

ಹೋದ ವರ್ಷ ದೀಪಾವಳಿ ಕಳೆದ ವಾರ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹುಡುಗಿಯ ದನಿ. ಅವನ ಹೆಸರು ಹೇಳಿ, ನಾನವರ ಮಗಳು ಎಂದಳು. ಗಿರಿಜಾ ಅತ್ತಿ ನಂಬರು ಕೊಟ್ಟರು ಎಂದಳು. ಅವಳ ಅಪ್ಪ ಹನ್ನೊಂದು ದಿನದ ಹಿಂದೆ ಎದೆನೋವಿನಿಂದ ತೀರಿಕೊಂಡರಂತೆ. ಅಪ್ಪಾಜಿ ಜೊತೆ ಕೆಲಸ ಮಾಡಿದವರಿಗೆಲ್ಲ ತಿಳಿಸುತ್ತಿದ್ದೇನೆ ಎಂದಳು. ಏನಾದರೂ ಕೇಳಬೇಕಲ್ಲ ಎಂದು, ನಿನ್ನನ್ನು ಚೆನ್ನಾಗಿ ನೋಡಿಕೊಂಡರೇನಮ್ಮ ಎಂದು ಹುಚ್ಚನ ಹಾಗೆ ಕೇಳಿದೆ.

"ಹತ್ತನೇ ಕ್ಲಾಸ್ ತನಕ ದಿನಾ ಸೈಕಲ್ ಮ್ಯಾಲ ನನ್ನ ಶಾಲಿಗೆ ಅಪ್ಪಾಜಿನೇ ಬಿಡ್ತಿದ್ರು ರಿ. ಒಂದಿನಾನೂ ತಪ್ಪಿಸಲಿಲ್ಲ."

ಒಳ್ಳೆಯದು ಎಂದೆ. ಫೋನು ಇಡುತ್ತಾಳೆ ಎಂದುಕೊಂಡೆ.

"ಒಂದ್ ಕೇಳ್ಲೇನ್ರಿ? ಅಪ್ಪಾಜಿಗೆ ಕಂಪ್ಯೂಟರ್ ಕೆಲಸ ಬರಂಗಿಲ್ಲ ಅಂತ ಬರದವ್ರು ನೀವ ಅಲ್ರೀ?"

"ಹೌದಮ್ಮ. ನಾನೇ."

"ಖರೇನ ಬರ್ತಿರ್ಲಿಲ್ಲೇನ್ರಿ ಅವರಿಗೆ?"

"ಬರ್ತಿತ್ತು ಮಗಾ" ಎಂದೆ. "ದೀಪ ಬಂದಿತ್ತು. ನಾನು ನೋಡಿದ್ದೆ."